ಹೆಬ್ಬೆರಳ ಬುಡದ ಮೂಳೆ

ಅಕ್ಕ ಮೂರನೇ ಸಲ ಪ್ಲಾಸ್ಟರ್ ಕತ್ತರಿಸಿಕೊಂಡು ಬಂದು ನಿಂತಾಗ ತಮ್ಮನಿಗೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವುದೇ ಅವನ ಕೆಲಸ. ಹದಿನೆಂಟು ವರ್ಷದಿಂದ ಊರವರ ಕೈಕಾಲು ಕೂಡಿಸಿದವನಿಗೆ ಒಡಹುಟ್ಟಿದವಳ ಒಂದು ಮಣಿಕಟ್ಟನ್ನು ಸುಮ್ಮನಿರಿಸಲು ಆಗಿರಲಿಲ್ಲ.

ಅಕ್ಕ ದರ್ಜಿ. ಅಂಗಡಿಯ ಮೆಟ್ಟಿಲಲ್ಲಿ ಜಾರಿ ಅಂಗೈ ಊರಿ ಬಿದ್ದಿದ್ದಳು. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ಹೆಬ್ಬೆರಳ ಬುಡದ್ದು, ಗೋಡಂಬಿಯಂಥದ್ದು, ಬಿರುಕು ಬಿಟ್ಟಿತ್ತು.

"ಹೆಬ್ಬೆರಳ ಹತ್ರ ಸ್ವಲ್ಪ ಬಿಡಿಸ್ಕೊಂಡೆ, ಅಷ್ಟೇ ಕಣೋ."

"ಅಲ್ಲೇ ಅಕ್ಕಾ ಮುರಿದಿರೋದು! ಆ ಮೂಳೆಗೆ ರಕ್ತ ಹೋಗೋದೇ ಕಡಿಮೆ. ಅಲ್ಲಾಡಿಸಿದ್ರೆ ಕೂಡಲ್ಲ ಅಂತ ಇನ್ನೆಷ್ಟು ಬಡ್ಕೊಳ್ಳಲಿ?"

"ಹೆಬ್ಬೆರಳಿಲ್ದೆ ಸೂಜಿ ಹಿಡಿಯೋದು ಹೇಗೆ? ನೀನೇ ಹಿಡ್ದು ತೋರ್ಸು."

"ಹಿಡೀಬೇಡ ಅಂತ್ಲೇ ಹೇಳ್ತಿರೋದು!"

ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕೋಟು ಹೊಲ್ದು ಕೊಡ್ಬೇಕು ಕಣೋ. ನಿಮ್ಮ ಮೂಳೆ ಡಾಕ್ಟ್ರದ್ದೇ. ವಾರಕ್ಕೆರಡು ಸಲ ಫೋನ್ ಮಾಡ್ತಾರೆ."

ಎರಡು ತಿಂಗಳು ಹೆಬ್ಬೆರಳೂ ಅಲ್ಲಾಡಿಸಕೂಡದು ಎಂದು ಬರೆದುಕೊಟ್ಟವರೇ ಅವರು! ಅಷ್ಟರಲ್ಲಿ ಡಾಕ್ಟರೇ ಒಳಬಂದು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಸಂದು ಹಾಗೇ ಇದೆಯಲ್ಲಮ್ಮಾ. ಹೇಳಿದ ಮಾತು ಕೇಳಬಾರ್ದಾ?" ಎಂದು ಗದರಿದವರು, ಮೆಲ್ಲಗೆ, "ಅಂದಹಾಗೆ, ನನ್ನ ಕೋಟು..." ಎಂದು ರಾಗ ಎಳೆದರು.

ಹದಿನೆಂಟು ವರ್ಷ 'ಹೂಂ ಸಾರ್' ಬಿಟ್ಟು ಬೇರೆ ಮಾತಾಡದ ತಮ್ಮ ಸಿಡಿದ. "ಸಾರ್, ನಿಮಗೆ ಇವಳ ಕೈ ಬೇಕೋ, ಕೋಟು ಬೇಕೋ? ಒಂದು ಹೇಳ್ಬಿಡಿ!"

ಡಾಕ್ಟರ ಮುಖ ಕೆಂಪೇರಿತು. "ಅಂಗಡೀಲಿ ಹೊಲಿಯೋಕೆ ಬೇರೆ ಯಾರೋ ಇರ್ತಾರೆ ಅಂದ್ಕೊಂಡಿದ್ದೆ ಕಣಯ್ಯಾ," ಎಂದು ತೊದಲಿದರು. "ಕೋಟು ಹೇಗಿದೆಯೋ ಹಾಗೇ ಕೊಟ್ಬಿಡಮ್ಮ."

ಅವರು ಹೊರಟ ಮೇಲೆ ಅಕ್ಕ ತಿರುಗಿಬಿದ್ದದ್ದು ತಮ್ಮನ ಮೇಲೆ. "ನನ್ನ ಗಿರಾಕಿ ಹತ್ರ ಜಗಳಕ್ಕೆ ನಿಲ್ಲೋಕೆ ನೀನ್ಯಾರೋ?"

ತಮ್ಮ ನಾಲ್ಕನೇ ಪ್ಲಾಸ್ಟರ್ ಹಾಕಿದ, ಹೆಬ್ಬೆರಳ ತುದಿಯವರೆಗೆ. ಅಂಗಡಿಗೆ ತಾನೇ ಹೋಗಿ ಬೀಗ ಜಡಿದ. ಅಕ್ಕ ಹದಿನೈದು ದಿನ ಅವನ ಜೊತೆ ಮಾತು ಬಿಟ್ಟಳು.

ಹತ್ತು ವಾರಕ್ಕೆ ಮೂಳೆ ಕೂಡಿತು. ಸೂಜಿ ಹಿಡಿಯಬಹುದಿತ್ತು, ಮಣಿಕಟ್ಟು ಮಾತ್ರ ಹಿಂದಕ್ಕೆ ಪೂರ್ತಿ ಬಾಗುತ್ತಿರಲಿಲ್ಲ.

"ನೀನು ಅಷ್ಟು ಬಿಗಿಯಾಗಿ ಹಾಕಿದ್ದಕ್ಕೇ ಹೀಗಾಯ್ತು," ಎಂದಳು ಅಕ್ಕ.

ಯಾರ ಹತ್ತಿರ ಏನು ಹೇಳಿ ಏನು ಬಂತು ಎಂದುಕೊಂಡು ತಮ್ಮ ಅಂಗಡಿಯ ಬೀಗದ ಕೈಯನ್ನು ಅವಳ ಮುಂದಿಟ್ಟ.