ಅತ್ತೆಯ ದನಿ

ವಿನೋದಿನಿ ಡಬ್ಬಿಂಗ್ ಶುರುಮಾಡಿದಾಗಿನಿಂದ ನಾಯಕಿಯರಿಗೇ ದನಿ ಕೊಟ್ಟವರು. ಹಾಗಾಗಿ ಮುಂಬಯಿಯ ಅಂಧೇರಿಯ ಸ್ಟುಡಿಯೊದಿಂದ ಡಬ್ಬಿಂಗ್ ನಿರ್ದೇಶಕ ಅನಿಲಕುಮಾರ ಫೋನ್ ಮಾಡಿ, ಹೊಸ ಹಿಂದಿ ಧಾರಾವಾಹಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ, "ಈ ಸಲ ನೀವು ಅತ್ತೆ, ಮೇಡಮ್" ಎಂದಾಗ ಅವರಿಗದು ಹಿಡಿಸಲಿಲ್ಲ. ಗಂಟಲು ಮೊದಲಿನಂತಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಮೇಲಿನ ಸ್ವರಕ್ಕೆ ಹೋದರೆ ಅಂಚು ಒಡೆಯುತ್ತಿತ್ತು.

"ಸೊಸೆ ಯಾರು?"

"ಹೊಸ ಹುಡುಗಿ, ನಮಿತಾ ಅಂತ. ವಾಯ್ಸ್ ಏಕ್‌ದಮ್ ಫ್ರೆಶ್. ಕನ್ನಡ ಮಾತ್ರ ಥೋಡಾ ಅಡ್ಜಸ್ಟ್ ಮಾಡ್ಬೇಕು."

ಬೇಡವೆನ್ನಬೇಕೆಂದುಕೊಂಡೇ ಅವರು ಒಪ್ಪಿಕೊಂಡರು.

ಸ್ಟುಡಿಯೊ ತಲುಪಿದಾಗ ನಮಿತಾ ಆಗಲೇ ಗಾಜಿನ ಕೋಣೆಯೊಳಗೆ ಮೈಕಿನೆದುರು ನಿಂತಿದ್ದಳು. ಮಲಾಡಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ಮನೆಯಲ್ಲಿ ತುಳು, ಹೊರಗೆ ಹಿಂದಿ. ಅನಿಲಕುಮಾರ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದ. ಒಮ್ಮೆ ಅವಳ ಕುರ್ತಾ ಸರಭರ ಎಂದಿತು. ಇನ್ನೊಮ್ಮೆ ಸಾಲು ಸರಿಯಾಗಿ ಬಂತು, ಆದರೆ ನಡುವೆ ಅವಳ ಹೊಟ್ಟೆ ಗುರ್ರೆಂದದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಹುಡುಗಿಯ ಮುಖ ಕೆಂಪಾಯಿತು.

ವಿನೋದಿನಿ ಬಾಗಿಲು ತೆರೆದು ಒಳಗೆ ಹೋದರು.

"ಬೆಳಿಗ್ಗೆ ಏನು ತಿಂದೆ?"

"ಕುಛ್ ನಹೀ, ಆಂಟಿ. ಟೆನ್ಷನ್ ಇತ್ತು."

"ಖಾಲಿ ಹೊಟ್ಟೆ ಮೈಕಿಗೆ ಮೊದಲು ಗೊತ್ತಾಗ್ತದೆ." ಚೀಲದಿಂದ ಬಾಳೆಹಣ್ಣು ತೆಗೆದುಕೊಟ್ಟರು. "ತಿನ್ನು. ಮೇಲೆ ಸ್ವಲ್ಪ ಬೆಚ್ಚಗಿನ ನೀರು ಕುಡಿ, ಐಸ್ ನೀರು ಬೇಡ. ನಾಳೆಯಿಂದ ಹಳೇ ಹತ್ತಿಬಟ್ಟೆ ಹಾಕ್ಕೊಂಡು ಬಾ, ತೊಳೆದು ತೊಳೆದು ಮೆತ್ತಗಾದದ್ದು. ಈಗ ನನ್ನ ಶಾಲು ಸುತ್ತಿಕೋ."

ಹುಡುಗಿ ತಿಂದಳು. ಅಷ್ಟರಲ್ಲಿ ವಿನೋದಿನಿ ಅವಳ ಸಾಲುಗಳ ನಡುವೆ ಎಲ್ಲಿ ಉಸಿರು ಎಳೆಯಬೇಕೋ ಅಲ್ಲೆಲ್ಲ ಪೆನ್ಸಿಲಿನಿಂದ ಗೀರು ಹಾಕಿದರು. ಕೂಗುವಾಗ ಮುಖ ಮೈಕಿನಿಂದ ಒಂದಿಷ್ಟು ಓರೆಯಾಗಿರಲಿ, ಜೋರು ಹೊಟ್ಟೆಯಿಂದ ಬರಲಿ, ಗಂಟಲನ್ನು ಹಿಂಡಬೇಡ ಎಂದರು.

ಎಲ್ಲ ಸರಿಹೋಯಿತು, ಜಗಳವೊಂದನ್ನು ಬಿಟ್ಟು. ಸೊಸೆ ಅತ್ತೆಗೆ ಎದುರು ನಿಲ್ಲುವ ದೃಶ್ಯ ಅದು. ನಮಿತಾ ಅದನ್ನು ಶಾಲೆಯಲ್ಲಿ ಪದ್ಯ ಒಪ್ಪಿಸಿದಂತೆ ಹೇಳುತ್ತಿದ್ದಳು: "ನನ್ನ ತಾಯಿಯ ವಿಷಯವನ್ನು ತಾವು ಪ್ರಸ್ತಾಪಿಸಬಾರದು."

"ಒಬ್ಬಳೇ ಗೋಡೆ ನೋಡ್ಕೊಂಡು ಯಾರ ಹತ್ರ ಜಗಳಾಡ್ತಾಳೆ, ಪಾಪ. ನಾವಿಬ್ಬರೂ ಒಟ್ಟಿಗೆ ಮಾಡ್ತೇವೆ" ಎಂದರು ವಿನೋದಿನಿ.

"ಮೇಡಮ್, ಇಬ್ಬರ ದನಿ ಬೇರೆ ಬೇರೆ ರೆಕಾರ್ಡ್ ಆಗ್ಬೇಕು. ಮಿಕ್ಸಿಂಗ್‌ನಲ್ಲಿ ಪ್ರಾಬ್ಲಮ್ ಆಗ್ತದೆ."

"ಪ್ರಾಕ್ಟೀಸ್ ಅಂತ ತಿಳ್ಕೊ."

ಅವರು ನಮಿತಾಳ ಎದುರು ನಿಂತು, ಹಾಳೆ ನೋಡದೆ, ಸೊಂಟಕ್ಕೆ ಕೈಯಿಟ್ಟು ಶುರುಮಾಡಿದರು. "ಒಂದು ಒಗ್ಗರಣೆ ಹಾಕ್ಲಿಕ್ಕೆ ಬರುದಿಲ್ಲ ನಿಂಗೆ. ನಿನ್ನ ತಾಯಿ ಕಲಿಸಿದ್ದಾದ್ರೂ ಏನು? ಮಲಾಡಿನಲ್ಲಿ ಕೂತು ಮಗಳಿಗೆ ಲಿಪ್‌ಸ್ಟಿಕ್ ಹಚ್ಚಲಿಕ್ಕಾ?"

ನಮಿತಾಳ ಕಣ್ಣು ಅಗಲವಾಯಿತು. "ಎನ್ನ ಅಪ್ಪೆನ ಸುದ್ದಿಗ್ ಬರೊಡ್ಚಿ!" ಎಂದು ತುಳುವಿನಲ್ಲಿ ಸಿಡಿದಳು.

ಗಾಜಿನಾಚೆ ಅನಿಲಕುಮಾರ ಕುರ್ಚಿ ಬಿಟ್ಟು ಎದ್ದ.

"ಅದೇ ಬೇಕಾದದ್ದು. ಅದನ್ನೇ ಈಗ ಕನ್ನಡದಲ್ಲಿ ಹೇಳು" ಎಂದರು ವಿನೋದಿನಿ ಮೆಲ್ಲಗೆ.

"ನನ್ನ ತಾಯಿ ಸುದ್ದಿಗೆ ಬರಬೇಡಿ."

ಪರದೆಯ ಮೇಲಿನ ಸೊಸೆಯ ತುಟಿಗೂ ಆ ಸಾಲು ಸರಿಯಾಗಿ ಕೂತಿತು. ಅನಿಲಕುಮಾರ ಹಾಳೆಯಲ್ಲಿದ್ದ ಸಾಲನ್ನು ಹೊಡೆದುಹಾಕಿದ. ಮುಂದಿನದನ್ನೆಲ್ಲ ನಮಿತಾ ಹೀಗೆಯೇ ಮೊದಲು ತುಳುವಿನಲ್ಲಿ ಗೊಣಗಿಕೊಂಡು, ಆಮೇಲೆ ಕನ್ನಡಕ್ಕೆ ತಂದಳು.

ಬಳಿಕ ಅತ್ತೆಯ ಸರದಿ. ಈಗ ನಮಿತಾ ಎದುರು ನಿಂತು ಕಣ್ಣಿನಲ್ಲೇ ಕೆಣಕುತ್ತಿದ್ದಳು. ವಿನೋದಿನಿ ಮೇಲಿನ ಸ್ವರಕ್ಕೆ ಹೋಗಲೇ ಇಲ್ಲ. ದನಿಯನ್ನು ಕೆಳಗೆ, ಎದೆಯ ಹತ್ತಿರ ಬಿಟ್ಟರು. ಅದು ಒರಟಾಗಿ, ದಪ್ಪವಾಗಿ, ಎಲ್ಲೂ ತಡೆಯಿಲ್ಲದೆ ಹರಿಯಿತು. ಎಷ್ಟೋ ವರ್ಷದಿಂದ ಗಂಟಲನ್ನು ಬಿಗಿದು ಬಿಗಿದು ಇಪ್ಪತ್ತರ ಹುಡುಗಿಯಾಗುತ್ತಿದ್ದವರಿಗೆ, ಇದ್ದ ಹಾಗೇ ಮಾತಾಡುವುದು ಬಿಗಿ ಚಪ್ಪಲಿ ಕಳಚಿದಷ್ಟು ಹಾಯೆನಿಸಿತು. ಅತ್ತೆ ಬೈದಳು, ಅತ್ತಳು, ಕೊನೆಗೆ ಸೊಸೆಯ ಸಾರು ಕುಡಿದು ತಡೆಯಲಾರದೆ ನಕ್ಕಳು. ಆ ನಗು ಹಾಳೆಯಲ್ಲಿರಲಿಲ್ಲ.

"ಮೇಡಮ್, ಈ ವಾಯ್ಸ್ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದ ಅನಿಲಕುಮಾರ.

ಸಂಜೆ ಇಬ್ಬರೂ ಅಂಧೇರಿಯಲ್ಲಿ ಲೋಕಲ್ ರೈಲು ಹಿಡಿದರು. ಹೆಂಗಸರ ಡಬ್ಬಿಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ನಾಳೆಯ ದೃಶ್ಯವೂ ಜಗಳದ್ದೇ. ಬಾಗಿಲ ಬಳಿಯ ಕಂಬಕ್ಕೆ ಆತುಕೊಂಡು ನಮಿತಾ ಮೊದಲ ಸಾಲು ಹೇಳಿದಳು, ವಿನೋದಿನಿ ಸುಮ್ಮನಿರುವವರೇ? ಜೋಗೇಶ್ವರಿ ಸ್ಟೇಷನ್ ದಾಟುವಾಗ ಇಬ್ಬರ ದನಿಯೂ ಏರಿತ್ತು.

ಪಕ್ಕದ ಸೀಟಿನಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸೊಬ್ಬಳು ತಡೆಯಲಾರದೆ ನಮಿತಾಳ ತೋಳು ಹಿಡಿದಳು. "ಅಗ, ಸಾಸೂ ಆಹೇ ತುಝಿ. ಜರಾ ಗಪ್ಪ ಬಸ್." ನಿನ್ನ ಅತ್ತೆ ಕಣೇ, ಸ್ವಲ್ಪ ಸುಮ್ಮನಿರು ಎಂದು ಗದರಿದಳು.

ನಮಿತಾ ಹಿಂದಿಯಲ್ಲಿ ಇದು ಟಿ.ವಿ.ಯ ಕೆಲಸವೆಂದು ವಿವರಿಸಿದ್ದೇ ತಡ, ಡಬ್ಬಿಯ ಆ ಮೂಲೆಯೆಲ್ಲ ನಕ್ಕಿತು. ಆ ಹೆಂಗಸು ಸರಿದು ಕೂತು ವಿನೋದಿನಿಗೆ ಜಾಗ ಮಾಡಿಕೊಟ್ಟಳು. ಭಾಷೆ ತಿಳಿಯದಿದ್ದರೂ ಜಗಳ ಪೂರ್ತಿ ಕೇಳಬೇಕು, ಮಧ್ಯದಲ್ಲಿ ನಿಲ್ಲಿಸಬೇಡಿ ಎಂದಳು.

ವಿನೋದಿನಿ ಗಂಟಲು ಸರಿಮಾಡಿಕೊಂಡರು. "ಸೊಸೇ," ಎಂದು ಕರೆದರು, ಡಬ್ಬಿಯ ಆ ತುದಿಗೂ ಕೇಳುವಂತೆ.