ಬ್ರೀದ್ ಎನ್ನಲು ಬಾರದ ಸೂಲಗಿತ್ತಿ

ಹೆರಿಗೆ ನೋವು ಏರಿದಾಗ ಹೆಣ್ಣಿನ ಕಿವಿಗೆ ತಾಯಿನುಡಿಯೊಂದೇ ಬೀಳುತ್ತದೆ ಎಂಬುದನ್ನು ಸೂಲಗಿತ್ತಿ ಸ್ಮರಾಂದಾ ತನ್ನ ಕೆಲಸದಲ್ಲಿ ಕಂಡುಕೊಂಡಿದ್ದಳು. ಟರ್ನಾವ ನದಿದಂಡೆಯ ಆ ಪುಟ್ಟ ಪಟ್ಟಣದ ಆಸ್ಪತ್ರೆಗೆ ರುಮೇನಿಯನ್ ಮಾತಿನವರೂ ಬರುತ್ತಿದ್ದರು, ಹಂಗೇರಿಯನ್ ಮಾತಿನವರೂ ಬರುತ್ತಿದ್ದರು. ರುಮೇನಿಯನ್ ಅವಳದೇ ಮಾತು; ‘ಉಸಿರಾಡು ತಾಯಿ’ ಎನ್ನುವಷ್ಟನ್ನು ಹಂಗೇರಿಯನ್ನಿನಲ್ಲೂ ಕಲಿತಿದ್ದಳು. ಮಿಕ್ಕದ್ದನ್ನು ಅವಳ ಕೈಗಳೇ ಹೇಳುತ್ತಿದ್ದವು.

ಈ ಸಲ ಬಂದವಳು ಇಮೋಜನ್. ಇಂಗ್ಲೆಂಡಿನಿಂದ ಬಂದು, ಪಕ್ಕದ ಹಳ್ಳಿಯ ಬಡಗಿ ಒವಿದಿಯುವನ್ನು ಮದುವೆಯಾಗಿ ಅಲ್ಲೇ ನೆಲೆನಿಂತವಳು. ರುಮೇನಿಯನ್ ಚೆನ್ನಾಗಿಯೇ ಆಡುತ್ತಿದ್ದಳು. ಆದರೆ ತಪಾಸಣೆಯ ದಿನ ಸೂಜಿ ಚುಚ್ಚಿದಾಗ ಅವಳ ಬಾಯಿಂದ ಹೊರಟದ್ದು ಇಂಗ್ಲಿಷ್. ಸ್ಮರಾಂದಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

“ಮಗಳೇ, ಉಸಿರಾಡು ಅನ್ನೋಕೆ ನಿಮ್ಮಲ್ಲಿ ಏನಂತಾರೆ?”

“ಬ್ರೀದ್.”

“ಬ್ರೀಝ್.”

ಇಮೋಜನ್‌ಗೆ ನಗು ತಡೆಯಲಾಗಲಿಲ್ಲ. “ಅದು ತಂಗಾಳಿ, ಆಂಟಿ! ನಾಲಿಗೆ ತುದಿ ಹಲ್ಲಿನ ನಡುವೆ ತನ್ನಿ. ಇನ್ನೂ ಸ್ವಲ್ಪ ಹೊರಗೆ. ಕಚ್ಚಬೇಡಿ.”

“ನಾಲಿಗೇನ ಒಳಗಿಟ್ಕೋ ಅಂತ ಹುಟ್ಟಿದಾಗಿಂದ ಬೈಸ್ಕೊಂಡಿದೀನಿ. ನೀನು ಹೊರಗೆ ಹಾಕು ಅಂತೀಯಲ್ಲೇ!”

ಮನೆಯಲ್ಲಿ ಚಳಿಗಾಲಕ್ಕೆಂದು ಎಲೆಕೋಸನ್ನು ಉಪ್ಪುನೀರಿನ ಪೀಪಾಯಿಗೆ ತುಂಬುತ್ತಲೇ ಅವಳು ಬಾಯಿಪಾಠ ಮಾಡಿದಳು. ಒಮ್ಮೆ ಬ್ರೀಡ್ ಎಂದಾಗುತ್ತಿತ್ತು, ಒಮ್ಮೆ ಬ್ರೀವ್. ಗಂಡ ಇಲಾರಿಯೆ ಬಾಗಿಲಲ್ಲಿ ನಿಂತು ನೋಡಿದ.

“ಯಾರ ಮೇಲೆ ಹಂಗೆ ಬುಸುಗುಟ್ತಿದೀಯ?”

“ಇಂಗ್ಲಿಷ್ ಕಣೋ.”

“ಇಷ್ಟು ವರ್ಷ ನನ್ನ ಮೇಲೆ ರುಮೇನಿಯನ್ನಲ್ಲಿ ಬುಸುಗುಟ್ಟಿದ್ದು ಸಾಲ್ಲಿಲ್ವಾ?”

“ಸುಮ್ನೆ ಕೋಸು ತೇಲದ ಹಾಗೆ ಆ ಕಲ್ಲು ಎತ್ತಿ ಮೇಲಿಡು,” ಎಂದಳು ಅವಳು. ಅವನು ಕಲ್ಲು ಹೇರಿ ಹೋದ ಮೇಲೂ ಅವಳ ಅಭ್ಯಾಸ ನಡೆದೇ ಇತ್ತು.

ಮೊದಲ ಹಿಮ ಬಿದ್ದ ಬೆಳಗ್ಗೆ ಒವಿದಿಯು ಹೆಂಡತಿಯನ್ನು ಕರೆತಂದ. ನೋವು ಬೇಗನೇ ಬಲಿಯಿತು. ಇಮೋಜನ್ ಮಂಚದ ಕಂಬಿ ಹಿಡಿದು, ಉಸಿರು ಬಿಗಿದು, ಮುಖ ಕೆಂಪೇರಿಸಿಕೊಂಡಳು. ಸ್ಮರಾಂದಾ ರುಮೇನಿಯನ್ನಲ್ಲಿ ಹೇಳಿದಳು. ಗೋಡೆಗೆ ಹೇಳಿದಂತಾಯಿತು.

“ಬ್ರೀಝ್! ಬ್ರೀಝ್, ಮಗಳೇ!”

ಇಮೋಜನ್ ಕಣ್ಣು ಬಿಟ್ಟಳು. ಅವಳಿಗೆ ಏನೂ ತಿಳಿದಂತೆ ಕಾಣಲಿಲ್ಲ. ಮತ್ತೆ ಉಸಿರು ಕಟ್ಟಿದಳು. ಸ್ಮರಾಂದಾ ಅಷ್ಟು ದಿನ ಕಲಿತದ್ದು ಬೇಕಾದ ಹೊತ್ತಿಗೆ ಕೈಕೊಟ್ಟಿತ್ತು. ಅವಳು ಮುಖಗವಸನ್ನು ಗದ್ದಕ್ಕೆ ಜಗ್ಗಿ, ಹುಡುಗಿಯ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು, ನಾಚಿಕೆ ಬಿಟ್ಟು ನಾಲಿಗೆಯನ್ನು ಹಲ್ಲಿನ ನಡುವೆ ಚಾಚಿದಳು.

“ಬ್ರೀದ್ದ್ದ್...”

ಮಾತು ಜೇನ್ನೊಣದ ಹಾಗೆ ಗುಂಯ್ಗುಟ್ಟುತ್ತಾ ಉದ್ದಕ್ಕೆ ಬಂತು. ಇಮೋಜನ್‌ಳ ನೋಟ ಅವಳ ತುಟಿಯ ಮೇಲೆ ನಿಂತಿತು. ಹಾಗೆಯೇ ತಾನೂ ನಾಲಿಗೆ ಚಾಚಿ ಅದೇ ಸದ್ದು ಎಳೆದಳು. ಎಳೆದಂತೆ ಕಟ್ಟಿದ್ದ ಉಸಿರೆಲ್ಲ ಹೊರಗೆ ಬಂತು. ಮುಂದಿನ ಪ್ರತಿ ನೋವಿಗೂ ಇಬ್ಬರೂ ಸೇರಿ ಗುಂಯ್ಗುಟ್ಟಿದರು. ಮಧ್ಯಾಹ್ನಕ್ಕೆ ಹೆಣ್ಣುಮಗು ಹುಟ್ಟಿತು.

ಒವಿದಿಯು ಒಳಗೆ ಬಂದಾಗ ಇಮೋಜನ್ ಸ್ಮರಾಂದಾಳ ಕೈ ಹಿಡಿದು, ಅಳುತ್ತಾ ನಗುತ್ತಾ, ಒಂದೇ ಸಮನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು.

“ಏನಂತಾಳಪ್ಪಾ?” ಸ್ಮರಾಂದಾ ಪಿಸುಗುಟ್ಟಿದಳು.

“ಅವರಮ್ಮ ಪಕ್ಕದಲ್ಲೇ ಇದ್ದ ಹಾಗಿತ್ತಂತೆ, ಆಂಟಿ. ಈಗ ಅವರಮ್ಮನ ಸುದ್ದಿ ಎಲ್ಲಾ ನಿಮಗೆ ಹೇಳ್ತಿದಾಳೆ. ನಿಮಗೆ ಇಂಗ್ಲಿಷ್ ಬರಲ್ಲ ಅಂತ ನೆನಪು ಮಾಡ್ಲಾ?”

“ಬೇಡ. ಹೇಳ್ಕೊಳ್ಳಲಿ ಬಿಡು.”

ಸ್ಮರಾಂದಾ ಕುರ್ಚಿ ಎಳೆದುಕೊಂಡು ಕೂತಳು. ಒಂದಕ್ಷರವೂ ತಿಳಿಯದೆ, ಅಲ್ಲಲ್ಲಿ ತಲೆದೂಗುತ್ತಾ, ಕೊನೆಯವರೆಗೂ ಕೇಳಿದಳು.