ಸೋಮವಾರದ ನೆಗೆಟಿವ್ ಸ್ಲೈಡ್

ಸೂಕ್ಷ್ಮದರ್ಶಕದ ಕೆಳಗೆ ನೀಲಿ ಬಯಲು, ಆ ಬಯಲಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಕಡ್ಡಿ. ಪವಿತ್ರಾಗೆ ಖುಷಿಯೇ ಆಯಿತು. ಮಡಿಕೇರಿಯಿಂದ ಬಂದ ಹೊಸ ಬಾಟಲಿಯ ಬಣ್ಣ ಚೆನ್ನಾಗಿ ಹಿಡಿದಿದೆ, ಬುಧವಾರ ಮೇಲ್ವಿಚಾರಕರು ತಪಾಸಣೆಗೆ ಬಂದರೂ ಭಯವಿಲ್ಲ ಎಂದುಕೊಂಡು ಆ ಸ್ಲೈಡ್ ತೆಗೆದು ಎರಡನೆಯದನ್ನು ಇಟ್ಟಳು. ಅದರಲ್ಲೂ ಕೆಂಪು ಕಡ್ಡಿಗಳು, ಇನ್ನೂ ದಟ್ಟವಾಗಿ.

ಎರಡರಲ್ಲಿ ಒಂದು ಬರೀ ನೀಲಿ ಇರಬೇಕಿತ್ತು. ಮೊದಲಿನ ಸ್ಲೈಡನ್ನು ಮತ್ತೆ ಕೈಗೆತ್ತಿಕೊಂಡು ತುದಿಯಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ಓದಿದಳು. 'ನೆಗೆಟಿವ್' ಎಂದಿತ್ತು. ಅವಳದೇ ಅಕ್ಷರ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಷಯದ ರೋಗಾಣು ಮಹಾ ಹಟಮಾರಿ. ಅದರ ಮೈಗೋಡೆ ಮೇಣದ್ದು, ಸುಮ್ಮನೆ ಬಣ್ಣ ಹಾಕಿದರೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೆಂಪು ಬಣ್ಣ ಸುರಿದು ಆವಿ ಏಳುವವರೆಗೆ ಬಿಸಿ ಮಾಡಿದರೆ ಒಪ್ಪುತ್ತದೆ, ಒಮ್ಮೆ ಒಪ್ಪಿತೋ, ಮೇಲೆ ಆಸಿಡ್ ಹುಯ್ದರೂ ಬಿಡುವುದಿಲ್ಲ. ಕಫದಲ್ಲಿರುವ ಉಳಿದದ್ದೆಲ್ಲ ಆಸಿಡ್ ಬಿದ್ದೊಡನೆ ಕೆಂಪನ್ನು ಕಳೆದುಕೊಂಡು, ಆಮೇಲೆ ಹಾಕುವ ನೀಲಿಯನ್ನು ಹೊದ್ದುಕೊಳ್ಳುತ್ತದೆ. ನೀಲಿಯ ನಡುವೆ ಕೆಂಪು ಕಂಡರೆ ಕ್ಷಯ. ಬಣ್ಣ ಸರಿಯಿದೆಯೋ ಇಲ್ಲವೋ ನೋಡಲು ಪ್ರತಿ ಸೋಮವಾರ ಎರಡು ಸ್ಲೈಡ್ ಮಾಡುವುದು ಪವಿತ್ರಾ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಆ ಆಸ್ಪತ್ರೆಯ ಪದ್ಧತಿ. ಒಂದು ಗೊತ್ತಿರುವ ರೋಗಿಯದು, ಇನ್ನೊಂದು ಗಟ್ಟಿಮುಟ್ಟಾದವರದು. ರೋಗಿಯದು 'ಪಾಸಿಟಿವ್', ಕೆಂಪಾಗಬೇಕು; ಗಟ್ಟಿಮುಟ್ಟಾದವರದು 'ನೆಗೆಟಿವ್', ಆಗಲೇಬಾರದು.

ಆ ಗಟ್ಟಿಮುಟ್ಟಾದವರು ಎಂದರೆ ಆಸ್ಪತ್ರೆಯ ಆಯಾ ಬೊಳ್ಳಮ್ಮ. ಪವಿತ್ರಾಗಿಂತ ಮೊದಲು ಲ್ಯಾಬಿನಲ್ಲಿದ್ದ ವಿಮಲಮ್ಮ ಹನ್ನೊಂದು ವರ್ಷದ ಹಿಂದೆ ಬೊಳ್ಳಮ್ಮನ ಕೈಗೆ ಡಬ್ಬಿ ಕೊಟ್ಟು, "ನಿನ್ನಷ್ಟು ಗಟ್ಟಿ ಎದೆ ಈ ಊರಲ್ಲಿ ಯಾರಿಗುಂಟು, ಉಗಿ ನೋಡುವ" ಎಂದಿದ್ದರಂತೆ. ಅಂದಿನಿಂದ ಅದು ಬೊಳ್ಳಮ್ಮನ ಹಕ್ಕಾಗಿಬಿಟ್ಟಿತು. ಪಾಲಿಬೆಟ್ಟದ ಕಡೆಯ ಎಸ್ಟೇಟ್ ಲೈನಿನಲ್ಲಿ, ಕೂಲಿಯಾಳುಗಳ ಸಾಲುಮನೆಗಳ ನಡುವೆ, ಅವಳ ಮನೆ. ಸೋಮವಾರ ಬೆಳಿಗ್ಗೆ ಅಲ್ಲಿಂದ ನಡೆದು ಬಂದವಳೇ ಹಿತ್ತಲ ಬಾಗಿಲಲ್ಲಿ ನಿಂತು ಡಬ್ಬಿ ತುಂಬಿಸಿ, "ತಗೊಳ್ಳಿ, ಸರ್ಕಾರಿ ಕಫ" ಎಂದು ಕೊಟ್ಟು, ಆಮೇಲೆ ಪೊರಕೆ ಹಿಡಿಯುತ್ತಿದ್ದಳು.

ಅಂಥವಳದು ಕೆಂಪಾಗುವುದೆಂದರೇನು? ಪವಿತ್ರಾ ಮೊದಲು ಬಣ್ಣವನ್ನು ಬೈದಳು. ಆಮೇಲೆ ನೀರನ್ನು ಬೈದಳು. ಟ್ಯಾಂಕಿನ ನೀರಿನಲ್ಲೂ ಕೆಲವು ನಿರುಪದ್ರವಿ ಜೀವಿಗಳು ಹೀಗೇ ಕೆಂಪಾಗಿ ಮೋಸ ಮಾಡುವುದುಂಟು. ಆ ಟ್ಯಾಂಕನ್ನು ತೊಳೆದು ಎಷ್ಟು ಕಾಲವಾಯಿತೋ, ಪಂಚಾಯ್ತಿಯವರಿಗೂ ನೆನಪಿರಲಿಕ್ಕಿಲ್ಲ. ಸರಿ, ಹೊಸ ಸ್ಲೈಡ್, ಬಾಟಲಿಯ ಶುದ್ಧ ನೀರು, ಎಲ್ಲ ಮೊದಲಿನಿಂದ.

"ಬೊಳ್ಳಕ್ಕ, ಇನ್ನೊಂದು ಸಲ ಡಬ್ಬಿ ಬೇಕಿತ್ತು."

"ಎಂತಕ್ಕೆ ಮೇಡಂ, ಬೆಳಿಗ್ಗೆ ಕೊಟ್ಟೆನಲ್ಲ?"

"ಚೆಲ್ಲಿಹೋಯ್ತು."

ಬೊಳ್ಳಮ್ಮನ ತೊಡೆಯ ಮೇಲೆ ಪವಿತ್ರಾಳ ಮಗಳು ಅನುಶ್ರೀ ಕುಳಿತಿದ್ದಳು. ಮೂರು ವರ್ಷದ ಮಗು. ಗಂಡ ಚೇತನ್‌ಕುಮಾರ್‌ಗೆ ಕುಶಾಲನಗರದಲ್ಲಿ ಕೆಲಸ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಹಾಗಾಗಿ ದಿನವೂ ಅಮ್ಮನ ಜೊತೆ ಬಂದು ಬೊಳ್ಳಮ್ಮನ ಮಡಿಲಲ್ಲೇ ಉಂಡು ಅಲ್ಲೇ ಮಲಗುತ್ತಿತ್ತು. ಬೊಳ್ಳಮ್ಮ ಮಗುವನ್ನು ಕೆಳಗಿಳಿಸಿ, ಡಬ್ಬಿ ಹಿಡಿದು ಹಿತ್ತಲಿಗೆ ಹೋಗಿ ಕೆಮ್ಮಿದಳು. ತುಂಬಾ ಹೊತ್ತು ಕೆಮ್ಮಿದಳು.

ಆ ಕೆಮ್ಮು ಪವಿತ್ರಾಗೆ ಹೊಸದೇನಲ್ಲ. ಕಾಫಿ ಕೊಯ್ಲು ಶುರುವಾದಾಗಿನಿಂದ ಕೇಳುತ್ತಲೇ ಇದ್ದಳು, ಕಣದ ಧೂಳು ಇರಬೇಕು ಅಂದುಕೊಂಡು ಸುಮ್ಮನಿದ್ದಳು. ಬೊಳ್ಳಮ್ಮನ ರವಿಕೆ ಸಡಿಲವಾದದ್ದನ್ನೂ ನೋಡಿದ್ದಳು. "ಏನು ಬೊಳ್ಳಕ್ಕ, ಡಯಟ್ಟಾ?" ಎಂದು ನಕ್ಕಿದ್ದಳು ಸಹ. ಈಗ ಆ ನಗು ನೆನಪಾಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಈ ಸಲ ಬೊಳ್ಳಮ್ಮನದರ ಪಕ್ಕದಲ್ಲಿ ತನ್ನ ಕಫದ್ದೂ ಒಂದು ಸ್ಲೈಡ್ ಮಾಡಿದಳು. ಅದೇ ಬಣ್ಣ, ಅದೇ ಬೆಂಕಿ, ಅದೇ ಆಸಿಡ್. ತನ್ನದರಲ್ಲಿ ನೂರು ಕಡೆ ಹುಡುಕಿದರೂ ನೀಲಿ ಬಿಟ್ಟು ಬೇರೇನಿಲ್ಲ. ಬೊಳ್ಳಮ್ಮನದರಲ್ಲಿ ಹುಡುಕಬೇಕಾಗಿಯೇ ಇರಲಿಲ್ಲ. ಬಣ್ಣದ ತಪ್ಪಲ್ಲ, ನೀರಿನ ತಪ್ಪೂ ಅಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅದನ್ನು ವಿಧಿ ಎಂದು ಅತ್ತುಬಿಡಬಹುದಿತ್ತು. ಆದರೆ ಮೇಲ್ವಿಚಾರಕರು ಮರುಪರೀಕ್ಷೆಗೆ ಒಯ್ಯಲೆಂದು ಹಳೆಯ ಸ್ಲೈಡುಗಳೆಲ್ಲ ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಕುಳಿತಿದ್ದವು. ಪವಿತ್ರಾ ಹೋದ ಸೋಮವಾರದ ನೆಗೆಟಿವ್ ತೆಗೆದು ನೋಡಿದಳು. ಕೆಂಪು. ಅದರ ಹಿಂದಿನ ಸೋಮವಾರದ್ದು, ಕೆಂಪು. ಅದರ ಹಿಂದಿನದು, ಅದರ ಹಿಂದಿನದು. ಐದನೆಯದರಲ್ಲಿ ಮಾತ್ರ ಬರೀ ನೀಲಿ.

ನಾಲ್ಕು ಸೋಮವಾರ. ನಾಲ್ಕರ ಮುಂದೆಯೂ ರಿಜಿಸ್ಟರಿನಲ್ಲಿ ಅವಳ ದುಂಡು ಅಕ್ಷರದಲ್ಲಿ 'ನೆಗೆಟಿವ್' ಎಂದಿತ್ತು, ಕೆಳಗೆ ಸಹಿ.

ಅವಳು ನೋಡಿಯೇ ಇರಲಿಲ್ಲ. ಕೊಯ್ಲಿನ ಕಾಲದಲ್ಲಿ ಲೆಕ್ಕ ಬರೆಯುವ ಎಸ್ಟೇಟ್ ರೈಟರುಗಳು ಹೊರಗಿನಿಂದ ಬಂದ ಆಳುಗಳ ಡಬ್ಬಿಗಳನ್ನು ಚೀಲಗಟ್ಟಲೆ ತಂದು ಸುರಿಯುತ್ತಾರೆ. ಒಂದೊಂದು ಸ್ಲೈಡಿಗೂ ನೂರು ಕಡೆ ಕಣ್ಣಾಡಿಸಬೇಕು. ಪಾಸಿಟಿವ್ ನೋಡುತ್ತಿದ್ದಳು, ಬಣ್ಣ ಹಿಡಿದಿದೆ ಎಂದು ಖಾತ್ರಿಯಾಗುತ್ತಿತ್ತು. ಬೊಳ್ಳಮ್ಮನದರಲ್ಲಿ ನೋಡುವುದಕ್ಕೆ ಏನಿದೆ? ಉತ್ತರ ಗೊತ್ತಿದ್ದದ್ದೇ. ಬರೆದು, ಒರೆಸಿ, ಪೆಟ್ಟಿಗೆಗೆ ಹಾಕುತ್ತಿದ್ದಳು. ಇವತ್ತೂ ಅಷ್ಟೇ ಮಾಡುತ್ತಿದ್ದಳು, ಪಾಸಿಟಿವ್ ಎಂದು ತಪ್ಪು ತಿಳಿದು ಅದನ್ನೇ ಮೊದಲು ಸೂಕ್ಷ್ಮದರ್ಶಕಕ್ಕೆ ಇಡದಿದ್ದರೆ.

ಹೊರಗೆ ಅನು ಕಿಲಕಿಲ ನಗುವುದು ಕೇಳಿಸಿತು. ಪವಿತ್ರಾ ಎದ್ದೋಡಿ ಬೊಳ್ಳಮ್ಮನ ಮಡಿಲಿನಿಂದ ಮಗುವನ್ನು ಕಿತ್ತುಕೊಂಡಳು. ಮಗು ಚೀರಿತು. ಬೊಳ್ಳಮ್ಮ ಬೆಪ್ಪಾಗಿ ನೋಡಿದಳು. ನಾಲ್ಕು ವಾರ ಈ ಮಡಿಲಲ್ಲಿ ಮುಖಕ್ಕೆ ಮುಖ ಕೊಟ್ಟು ಮಗು ಮಲಗಿತ್ತು, ಮಲಗಲು ಬಿಟ್ಟವಳು ತಾನೇ.

"ಬೊಳ್ಳಕ್ಕ, ಈ ಮಾಸ್ಕ್ ಹಾಕ್ಕೊಳ್ಳಿ. ಡಾಕ್ಟರ್ ಹತ್ರ ಹೋಗುವ."

ಮಗುವನ್ನು ನರ್ಸ್ ಕೈಗೆ ಕೊಟ್ಟು ಬಂದಳು. ಡಾಕ್ಟರ ಕೋಣೆಗೆ ಹೋಗುವ ಮೊದಲು ಒಂದು ನಿಮಿಷ ಲ್ಯಾಬಿನಲ್ಲಿ ನಿಂತಳು. ಆ ಒಂದು ನಿಮಿಷದಲ್ಲಿ ಅವಳ ತಲೆಗೆ ಬಂದದ್ದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗಾಜು, ಬಿದ್ದರೆ ಒಡೆಯುತ್ತದೆ. ನಾಲ್ಕು ಸ್ಲೈಡ್ ಒಡೆದರೆ ಇವತ್ತೇ ಮೊದಲ ಸಲ ಕಂಡಿತೆಂದು ಹೇಳಬಹುದು. ಶಭಾಷ್ ಪವಿತ್ರಾ ಎಂದು ಡಾಕ್ಟರ್ ಬೆನ್ನು ತಟ್ಟಲೂಬಹುದು. ನಾಲ್ಕನ್ನೂ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡಳು. ಒಡೆಯುವುದಕ್ಕೋ ತೋರಿಸುವುದಕ್ಕೋ, ಆಗ ಅವಳಿಗೇ ಗೊತ್ತಿರಲಿಲ್ಲ.

ಡಾಕ್ಟರ್ ನಾಣಯ್ಯ ನಿವೃತ್ತಿಗೆ ಹತ್ತಿರದವರು, ಮೆತ್ತಗೆ ಮಾತಾಡುವವರು. ಪವಿತ್ರಾ ಕೊಟ್ಟ ಲ್ಯಾಬಿನ ಚೀಟಿ ಓದಿ ಕನ್ನಡಕ ತೆಗೆದರು.

"ಎಂತ ಬೊಳ್ಳಮ್ಮ ಇದು! ಹೆದರಬೇಡ, ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗ್ತದೆ. ಕೆಮ್ಮು ಎಷ್ಟು ದಿನದಿಂದ ಉಂಟು?"

"ಒಂದು ತಿಂಗಳ ಮೇಲಾಯ್ತು ಸಾರ್. ರಾತ್ರಿ ಬೆವರು ಬೇರೆ."

"ಒಂದು ತಿಂಗಳು! ಆಸ್ಪತ್ರೆಯಲ್ಲೇ ಇದ್ದುಕೊಂಡು ನನ್ನ ಹತ್ರ ಬರಲಿಕ್ಕೆ ಏನಾಗಿತ್ತು ನಿನಗೆ?" ನಾಣಯ್ಯನವರ ದನಿ ಏರಿತು. "ಆ ಮಗುವನ್ನು ಬೇರೆ ಎತ್ತಿಕೊಂಡು ತಿರುಗ್ತಿದ್ದೆಯಲ್ಲ!"

ಬೊಳ್ಳಮ್ಮ ಗಾಬರಿಯಾಗಿ ಪವಿತ್ರಾಳ ಕಡೆ ನೋಡಿದಳು. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

"ನನಗೂ ಹೆದರಿಕೆ ಆಗಿತ್ತು ಸಾರ್. ಲೈನಿನಲ್ಲಿ ಒಬ್ಬನಿಗೆ ಹೀಗೇ ಶುರುವಾಗಿತ್ತು. ಮಗು ಮುಟ್ಟೋದು ಬೇಡ ಅಂತಲೂ ಅನ್ನಿಸ್ತು. ಆದ್ರೆ ಪ್ರತಿ ಸೋಮವಾರ ಮೇಡಂ ನಂದು ನೋಡ್ತಾರಲ್ಲ? ಏನಾದ್ರೂ ಇದ್ರೆ ಹೇಳ್ತಿದ್ರು. ಅವರು ಏನೂ ಹೇಳ್ಲಿಲ್ಲ, ಹಾಗಾದ್ರೆ ಬರೀ ಧೂಳಿಂದು ಅಂತ ಧೈರ್ಯ ಮಾಡ್ಕೊಂಡೆ."

ಬೊಳ್ಳಮ್ಮ ಆರೋಪ ಮಾಡಿರಲಿಲ್ಲ, ಅದನ್ನೇ ಪವಿತ್ರಾಗೆ ತಡೆಯಲಾಗಲಿಲ್ಲ. ಹನ್ನೊಂದು ವರ್ಷ ವಾರ ತಪ್ಪದೆ ಕಫ ಕೊಟ್ಟವಳನ್ನು ಆ ಲ್ಯಾಬಿನಲ್ಲಿ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ, ಬಣ್ಣವನ್ನು ಪರೀಕ್ಷೆ ಮಾಡುತ್ತಿದ್ದರು.

"ಬೊಳ್ಳಕ್ಕನನ್ನು ಬೈಬೇಡಿ ಸಾರ್," ಎಂದಳು.

ಜೇಬಿನಿಂದ ನಾಲ್ಕು ಸ್ಲೈಡ್ ತೆಗೆದು ತಾರೀಖಿನ ಪ್ರಕಾರ ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದಳು. ಆಮೇಲೆ ಮೊದಲನೆಯದರ ತಾರೀಖನ್ನು ಗಟ್ಟಿಯಾಗಿ ಓದಿ, ಅನುಶ್ರೀಯ ಹೆಸರಿನಲ್ಲೂ ಪರೀಕ್ಷೆಗೆ ಒಂದು ಚೀಟಿ ಬರೆಯಿರಿ ಎಂದು ಕೇಳಿದಳು.